ಪರಸವ್ವನ ರವಿವಾರ

ಶುಕ್ರವಾರ ಬೆಳಿಗ್ಗೆ ಪರಸವ್ವ ಬಡಿದ ರೊಟ್ಟಿಗಳಲ್ಲಿ ಮೂರು ಹಂಚಿಗೆ ಬೀಳುವ ಮೊದಲೇ ಹರಿದವು. ಹಿಟ್ಟು ಹಳೆಯದಾಗಿರಲಿಲ್ಲ, ಎಸರು ಕಡಿಮೆಯಾಗಿರಲಿಲ್ಲ. ಅವಳ ಕೈ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷ ದಿನಾ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದ ಕೈ ಅದು. ಹೆರಿಗೆಯಾಗಿ ಹದಿನೇಳನೇ ದಿನ ಒಲೆ ಮುಂದೆ ಕೂತಾಗಲೂ ನಡುಗಿರಲಿಲ್ಲ. ಈಗ ಗೋಡೆಯ ಮಾಡದಲ್ಲಿ ಉಪ್ಪಿನ ಡಬ್ಬಿಯ ಕೆಳಗಿದ್ದ ನಾಲ್ಕು ಹಾಳೆಯ ಕರಾರುಪತ್ರದ ಕಡೆ ಕಣ್ಣು ಹೋದರೆ ಸಾಕು, ಬೆರಳುಗಳು ಹಿಡಿತ ತಪ್ಪುತ್ತಿದ್ದವು.

"ಯಾಕಬೇ, ಹರದ ರೊಟ್ಟಿ ನನ್ನ ತಾಟಿಗೆ ಹಾಕಾಕತ್ತೀ?" ಗಂಡ ದಶರಥ ನಕ್ಕ. "ಮಾಲಕಳಾಗೂ ಮೊದಲಽ ಗಂಡನ್ನ ಆಳ ಮಾಡಿದೇನು?"

ದಶರಥ ವಿಜಯಪುರದಿಂದ ಬಬಲೇಶ್ವರಕ್ಕೆ ಜೀಪು ಹೊಡೆಯುವವನು. ಕುಡಿಯುವವನಲ್ಲ, ಹೊಡೆಯುವವನಲ್ಲ. ಹಾಗಾಗಿ ಓಣಿಯ ಹೆಂಗಸರ ಲೆಕ್ಕದಲ್ಲಿ ಪರಸವ್ವನಿಗೆ ದೂರಲು ಏನೂ ಇರಲಿಲ್ಲ. ಉಂಡ ತಾಟನ್ನು ಕೂತಲ್ಲೇ ಬಿಟ್ಟು ಏಳುವುದು ದೂರಿನ ಪೈಕಿ ಬರುವುದಿಲ್ಲವಲ್ಲ.

"ರವಿವಾರ ಎಷ್ಟಕ್ಕ ಅಂದಾರ?" ಅವಳು ಕೇಳಿದಳು. ನಿನ್ನೆಯಿಂದ ನಾಲ್ಕನೇ ಸಲ ಕೇಳುತ್ತಿದ್ದಳು.

"ಹತ್ತೂವರಿಗೆ. ಟಿಕೋಟಾದಾಗ. ಸಿದ್ದಲಿಂಗೇಶ ಮಾಲಕರು ಅಯ್ಯನೋರ್ನ ಕೇಳಿ ಮುಹೂರ್ತ ತಗಸ್ಯಾರ. ಯಂತ್ರ ಚಾಲೂ ಮಾಡೂದು, ನೀ ಸಹಿ ಹಾಕೂದು, ಮುಗೀತು."

"ಸೋಮಾರ ಬರ್ತೀನಿ ಅಂದ್ರ?"

"ಒಂದು ರವಿವಾರ ನೀ ಪ್ರಾರ್ಥನಿಗೆ ಹೋಗ್ಲಿಲ್ಲಂದ್ರ ದೇವ್ರೇನು ಹಾಜರಿ ತಗೀತಾನೇನು?" ಅವನು ಕೈ ತೊಳೆದು ಜೀಪಿನ ಕೀಲಿ ಹುಡುಕುತ್ತ ಹೊರಗೆ ಹೋದ.

ಪರಸವ್ವನ ದೇವರು ಹಾಜರಿ ತೆಗೆಯುತ್ತಿದ್ದ. ಅದೇ ಅವಳ ಅಂಜಿಕೆ. ಹದಿನಾಲ್ಕು ವರ್ಷದಿಂದ ಅವಳು ಅದನ್ನು ಗಂಡನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅವಳು ಹುಟ್ಟಿದ್ದು ಸಾರವಾಡದಲ್ಲಿ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತ, ಮನೆಯ ಒಂದೊಂದು ಕಷ್ಟಕ್ಕೂ ಒಂದೊಂದು ಹರಕೆ ಹೊತ್ತು ಬದುಕಿದವಳು. ಹರಕೆಯನ್ನು ಯಾರಿಗೂ ಹೇಳಬಾರದು, ಹೇಳಿದರೆ ಅದು ದೇವರ ಕಿವಿಗೆ ಮುಟ್ಟುವುದಿಲ್ಲ, ತಪ್ಪಿದರೆ ಯಾರ ಸಲುವಾಗಿ ಹೊತ್ತೆವೋ ಅವರಿಗೇ ಕೇಡು ಎಂದು ಮಗಳಿಗೆ ಕಲಿಸಿದ್ದಳು. ಹದಿನೆಂಟಕ್ಕೆ ಮದುವೆಯಾಗಿ ಪರಸವ್ವ ವಿಜಯಪುರದ ಎರಡು ಖೋಲಿಯ ಈ ತಗಡಿನ ಮನೆಗೆ ಬಂದಳು. ಅತ್ತೆ ಆಗಲೇ ಯೇಸುವಿನ ಪ್ರಾರ್ಥನೆ ಮನೆಗೆ ನಡೆಯುತ್ತಿದ್ದವಳು. ಸೊಸೆಯ ಹೆಸರು ಬದಲಿಸಿರಿ ಎಂದು ಯಾರೋ ಅಂದಾಗ ಅತ್ತೆ, "ಯಾಕ, ಪರಸವ್ವ ಅಂತ ಕರದ್ರ ದೇವ್ರಿಗೆ ತಿಳಿಯೂದಿಲ್ಲೇನು?" ಎಂದು ಅವರ ಬಾಯಿ ಮುಚ್ಚಿಸಿದ್ದಳು. ಸಾಲಿ ಕಾಣದ ಸೊಸೆಗೆ ಪರಾತದ ಮೇಲೆ ಜೋಳದ ಹಿಟ್ಟು ಹರವಿ, ಬೆರಳಿನಿಂದ ಅಕ್ಷರ ತಿದ್ದಿಸಿದವಳೂ ಅತ್ತೆಯೇ. ಒಂದು ವರ್ಷದಲ್ಲಿ ಪರಸವ್ವ ದೇವರ ವಾಕ್ಯದ ಪುಸ್ತಕವನ್ನು ತಡವರಿಸುತ್ತ ಓದತೊಡಗಿದಳು. ಅತ್ತೆ ಸತ್ತಳು. ಓದು ಉಳಿಯಿತು.

ಮಗಳು ವಿಶಾಖಾ ಆರು ವರ್ಷದವಳಿದ್ದಾಗ ಜ್ವರ ಬಂತು. ಆಸ್ಪತ್ರೆಯಲ್ಲಿ ಎಂಟನೇ ದಿನ ಡಾಕ್ಟರರು ಮುಖ ಆಚೆ ತಿರುಗಿಸಿ ಮಾತಾಡಿದರು. ಪರಸವ್ವ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತು ಪ್ರಾರ್ಥನೆ ಮಾಡಿದಳು. ಪ್ರಾರ್ಥನೆ ಹೊಸ ದೇವರಿಗೆ, ಆದರೆ ಬಾಯಿಗೆ ಬಂದದ್ದು ಅವ್ವನ ರೀತಿ. "ನನ್ನ ಮಗಳ್ನ ಉಳಸಪ್ಪಾ. ಇನ್ನ ಮ್ಯಾಲ ರವಿವಾರ ಸೂರ್ಯಾ ನೆತ್ತಿಗೆ ಬರೂತನಕ ಬೆಂಕಿ ಮುಟ್ಟೂದಿಲ್ಲ. ಆ ಹೊತ್ತು ನಿಂದು. ತಪ್ಪಿದ್ರ ಕೊಟ್ಟದ್ದು ತಿರಗಿ ತಗೊ." ಮರುದಿನ ಜ್ವರ ಇಳಿಯಿತು. ಅವತ್ತಿನಿಂದ ಅವಳು ದೇವರನ್ನು ಪ್ರೀತಿಸಿದಷ್ಟೇ ಅಂಜಿದಳು. ಆ ಕೊನೆಯ ಮಾತನ್ನು ಯಾಕಾದರೂ ಆಡಿದೆನೋ ಎಂದು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದಳು.

ಬೆಂಕಿ ಮುಟ್ಟದ ಒಂದು ಬೆಳಗಿಗಾಗಿ ಶನಿವಾರ ಎರಡರಷ್ಟು ದುಡಿಯಬೇಕಾಗುತ್ತಿತ್ತು. ರವಿವಾರ ಮನೆಮಂದಿ ತಿನ್ನುವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾನಾವಳಿಗೆ ಕಳಿಸುವ ಬುಟ್ಟಿ ಎಲ್ಲ ಹಿಂದಿನ ದಿನವೇ ಆಗಬೇಕು. ಪ್ರಾರ್ಥನೆ ಮನೆಯಲ್ಲೂ ಸುಲಭವಿರಲಿಲ್ಲ. ಅಲ್ಲಿ ಪ್ರತಿ ರವಿವಾರ ಪ್ರೀತಿಭೋಜನ ಎಂದು ಎಲ್ಲರಿಗೂ ಊಟ. ಗಂಡಸರು ಮುಂದೆ ಚಾಪೆಯ ಮೇಲೆ ಕೂತು ಪಾಸ್ಟರ್ ಮಾಡುವ ಪ್ರಸಂಗ ಕೇಳುವಾಗ ಹೆಂಗಸರು ಹಿಂದಿನ ಪಡಸಾಲೆಯಲ್ಲಿ ಬೇಳೆ ಬೇಯಿಸುತ್ತ, ಹೊಗೆಯಲ್ಲಿ ಕಣ್ಣೊರೆಸುತ್ತ, ಅರ್ಧ ಮಾತು ಕೇಳಿಸಿಕೊಳ್ಳುತ್ತಿದ್ದರು. ಪರಸವ್ವ ಒಲೆ ಹತ್ತಿರ ಬರಲಿಲ್ಲ. "ದೊಡ್ಡ ಸಾವ್ಕಾರ್ತಿ, ಕೈಗೆ ಮಸಿ ಹತ್ತೀತು" ಎಂದು ಹಂಗಿಸಿದರು. ಕಾರಣ ಹೇಳುವಂತಿರಲಿಲ್ಲ. ನಾಚಿಕೆಗೆ ಅವಳು ಪುಸ್ತಕ ತೆಗೆದು, ಅವರಿಗೆ ಕೇಳುವಂತೆ ಓದತೊಡಗಿದಳು. ಮೊದಲ ವಾರ ನಕ್ಕರು. ಮೂರನೇ ವಾರ ಒಬ್ಬಳು ಸೌಟು ಹಿಡಿದೇ ನಿಂತು, "ಅದನ್ನ ಇನ್ನೊಮ್ಮಿ ಓದು" ಅಂದಳು. ಆಮೇಲೆ ಆಮೇಲೆ ಓದು ನಿಲ್ಲಿಸಿ ತಮ್ಮ ಮನೆಯ ಮಾತು ಆಡುವುದು, ಅಳುವುದು, ಒಬ್ಬರಿಗೊಬ್ಬರು ಪ್ರಾರ್ಥಿಸುವುದು ನಡೆಯಿತು. ಆ ಎರಡು ತಾಸಿನಲ್ಲಿ ಪರಸವ್ವನಿಗೆ ತನ್ನ ಎದೆಯೊಳಗೆ ಯಾರೋ ಬಂದು ಸುಮ್ಮನೆ ಕೂತ ಹಾಗೆ ಅನಿಸುತ್ತಿತ್ತು. ಉಳಿದ ಆರು ದಿನ ಅವಳು ಇನ್ನೊಬ್ಬರ ಹಸಿವಿಗೆ ಎದ್ದು ಇನ್ನೊಬ್ಬರ ಹಸಿವಿಗೆ ಮಲಗುತ್ತಿದ್ದಳು.

ಈಗ ಸಿದ್ದಲಿಂಗೇಶನ ಕರಾರು. ಅವನಿಗೆ ಬಬಲೇಶ್ವರದಲ್ಲಿ ಒಂದು, ಟಿಕೋಟಾ ರಸ್ತೆಯಲ್ಲಿ ಎರಡು ಖಾನಾವಳಿ. ಅವಳ ರೊಟ್ಟಿಯಲ್ಲಿ ಮುಕ್ಕಾಲು ಪಾಲು ಅವನಿಗೇ ಹೋಗುತ್ತಿತ್ತು. ಹೆಂಗಸರ ಹೆಸರಿಗೆ ಸಿಗುವ ಸರಕಾರಿ ಯೋಜನೆಯಲ್ಲಿ ಅವನು ದೊಡ್ಡ ರೊಟ್ಟಿ ಕೇಂದ್ರ ಕಟ್ಟಿಸಿದ್ದ: ಯಂತ್ರ, ಹನ್ನೆರಡು ಒಲೆ, ಗೋಡೆಗೆ ಗುಲಾಬಿ ಬಣ್ಣ. ಮಾಲಕಿ ಪರಸವ್ವ. "ಹೆಸರು ನಿಮ್ದು, ಕೈ ನಿಮ್ದು, ಓಡಾಟ ನಂದು" ಅಂದಿದ್ದ. ಮೂರು ವರ್ಷದಲ್ಲಿ ಸ್ಲ್ಯಾಬಿನ ಮನೆ ಆಗುತ್ತದೆ ಎಂದು ದಶರಥ ಗೋಡೆಗೆ ಈಗಾಗಲೇ ಗೀರು ಎಳೆದು ನೋಡುತ್ತಿದ್ದ. ಕರಾರಿನ ಎರಡನೇ ಹಾಳೆಯಲ್ಲಿ, ಕೇಂದ್ರ ವಾರದ ಏಳೂ ದಿನ ನಡೆಯಬೇಕು, ಮಾಲಕಿ ಖುದ್ದು ಹಾಜರಿರಬೇಕು ಎಂದು ಬರೆದಿತ್ತು. ಪರಸವ್ವ ಓದಿದಳು. ದಶರಥ ಓದಿರಲಿಲ್ಲ, ಕೊನೆಯ ಹಾಳೆಯಲ್ಲಿ ಸಹಿಯ ಜಾಗವನ್ನಷ್ಟೇ ನೋಡಿದ್ದ.

ಶನಿವಾರ ಮಧ್ಯಾಹ್ನ ಪಾಸ್ಟರ್ ರಾಜಾರಾಮ ಮನೆಗೆ ಬಂದರು. ದಶರಥನೇ ಕರೆಸಿದ್ದ. ವಯಸ್ಸಿನಲ್ಲಿ ಪರಸವ್ವನಿಗಿಂತ ಸಣ್ಣವರು, ದನಿ ಗಟ್ಟಿ, ಪ್ರಾರ್ಥನೆ ಮನೆಗೆ ಹೊಸ ಛಾವಣಿ ಹಾಕಿಸಬೇಕೆಂಬ ಹಂಬಲ. ಅವರು ಬಂದರೆ ಊಟ ಆಗಲೇಬೇಕು. ಎರಡರಷ್ಟು ಕೆಲಸದ ದಿನ ಪರಸವ್ವ ಮತ್ತೆ ಹಂಚು ಇಟ್ಟಳು.

"ಅಕ್ಕಾರ, ಇದು ದೇವರ ಆಶೀರ್ವಾದ್ರಿ. ಬಾಗಲಾ ತಾನಽ ತಗದಾನ. ನೀವು ಒಳಗ ಹೋಗ್ಲಿಲ್ಲಂದ್ರ ಹೆಂಗ?"

"ರವಿವಾರ ಬರಾಕ ಆಗಂಗಿಲ್ರಿ ಪಾಸ್ಟರ್."

"ಬುಧವಾರ ಸಂಜಿ ಪ್ರಾರ್ಥನಿ ಅದಲ್ರಿ. ದೇವರು ಬುಧವಾರ ಸೂಟಿ ಮ್ಯಾಲ ಇರ್ತಾನೇನು?" ಅವರು ನಕ್ಕರು, ದಶರಥನೂ ನಕ್ಕ.

"ಸಂಜಿಗೆ ಆ ಹೆಣ್ಮಕ್ಕಳು ಬರಂಗಿಲ್ರಿ. ಕೂಲಿಂದ ಬಂದು ಒಲಿ ಹಚ್ಚಬೇಕಾಗ್ತೈತಿ."

"ಓದಿ ಹೇಳಾಕ ನಾ ಅದೀನಲ್ರಿ ಅಕ್ಕಾರ. ನೀವು ಚಿಂತಿ ಬಿಡ್ರಿ. ನೀವು ಮ್ಯಾಲ ಬಂದ್ರ ಸಭೆನೂ ಮ್ಯಾಲ ಬರ್ತೈತಿ. ಇನ್ನೊಂದು ರೊಟ್ಟಿ ಹಾಕ್ರಿ, ಬಿಸೀದು."

ಅವಳು ಹಾಕಿದಳು. ಪಾಸ್ಟರಾದರೂ ಬೇಡವೆನ್ನುತ್ತಾರೆ, ಇವರ ಬೆನ್ನ ಹಿಂದೆ ತಾನು ಅಡಗಬಹುದು ಎಂದು ಎರಡು ದಿನ ಕಾದಿದ್ದಳು. ಗಂಡ, ಮಾಲಕ, ಪಾಸ್ಟರ್ ಮೂವರೂ ಒಂದೇ ಬದಿಗೆ ನಿಂತರೆ ಅವಳ ಬದಿಗೆ ನಿಲ್ಲುವವರು ಯಾರು? ಹರಕೆಯೊಂದೇ. ಅದು ಕೂಡ ಅವಳ ಕೊರಳಿಗೇ ಗಂಟು ಹಾಕಿಕೊಂಡಿತ್ತು. ಸಹಿ ಹಾಕಿದರೆ ಮಗಳಿಗೆ ಕೇಡು. ಹಾಕದಿದ್ದರೆ ಬರುವ ಸೋಮವಾರದಿಂದ ಒಲೆಯೇ ಹತ್ತದೆ ಹೋಗಬಹುದು.

ಪಾಸ್ಟರ್ ಹೋದ ಮೇಲೆ ವಿಶಾಖಾ ಬಂದಳು. ನರ್ಸಿಂಗ್ ಎರಡನೇ ವರ್ಷ. ಶನಿವಾರ ಬೇಗ ಬಿಡುತ್ತಿದ್ದರು. ಬಂದವಳೇ ಪಾಸ್ಟರ್ ಉಂಡ ತಾಟು ತೊಳೆಯಲು ಕೂತಳು. ಮಗಳು ನಲ್ಲಿಯ ಕೆಳಗೆ ಬಗ್ಗಿದಾಗ ಅವಳ ಕುತ್ತಿಗೆಯ ಎಲುಬು ಕಂಡಿತು. ಆಸ್ಪತ್ರೆಯ ಮಂಚದ ಮೇಲೆ ಕಂಡ ಅದೇ ಎಲುಬು. ಪರಸವ್ವನ ಬಾಯಿ ತಾನಾಗಿ ತೆರೆದುಕೊಂಡಿತು. ಹದಿನಾಲ್ಕು ವರ್ಷದ ಗುಟ್ಟನ್ನು ಅವಳು ತೊಳೆಯುವ ಕಲ್ಲಿನ ಪಕ್ಕ ನಿಂತು, ಯಾರಾದರೂ ಕೇಳಿಸಿಕೊಂಡಾರೆಂದು ನಲ್ಲಿ ಜೋರು ಬಿಟ್ಟು, ಹೇಳಿಬಿಟ್ಟಳು. ಹೇಳಿ ಮುಗಿಸಿದ ಮೇಲೆ ಕಣ್ಣು ಮುಚ್ಚಿ ನಿಂತಳು, ಛಾವಣಿ ಬೀಳುತ್ತದೆಂಬಂತೆ.

ವಿಶಾಖಾ ನಲ್ಲಿ ಬಂದ್ ಮಾಡಿದಳು. "ಯವ್ವಾ, ಆಸ್ಪತ್ರಿಯವರು ನನಗ ಆ ದಿನಾ ಇಂಜೆಕ್ಷನ್ ಬದಲಿ ಮಾಡಿದ್ರು. ನಾ ಕಾಗದಾ ನೋಡೀನಿ."

"ಹಂಗಂದ್ರ ದೇವ್ರು..."

"ದೇವ್ರು ಇಲ್ಲಂತ ನಾ ಅನ್ನಾಕತ್ತಿಲ್ಲ. ಆದ್ರ ಮಗಳ್ನ ಅಡಾ ಇಟ್ಕೊಂಡು ಕುಂದ್ರೂ ದೇವ್ರು ನಮ್ಮ ದೇವ್ರೇನಬೇ? ನೀನಽ ಅಲ್ಲಿ ಎಲ್ಲಾರಿಗೂ ಓದಿ ಹೇಳ್ತೀಯಲ್ಲ, ಅಂವಾ ಅಪ್ಪ ಇದ್ದಾಂಗ ಅಂತ. ಅಪ್ಪ ಹಿಂಗ ಮಾಡ್ತಾನ?" ಅವಳು ಒದ್ದೆ ಕೈಯಲ್ಲೇ ತಾಯಿಯ ರಟ್ಟೆ ಹಿಡಿದಳು. "ನನ್ನ ಹೆಸರ್ಲೆ ಅಂಜಬ್ಯಾಡ. ನಾ ಗಟ್ಟಿ ಅದೀನಿ. ನಿನಗ ಬೇಕಂದ್ರ ಸಹಿ ಹಾಕು, ಬ್ಯಾಡಂದ್ರ ಬಿಡು. ನಿನಗ ಏನ ಬೇಕು?"

ಹಗುರಾಗಬೇಕಿತ್ತು. ಆದರೆ ಪರಸವ್ವನಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಹರಕೆ ಇದ್ದಾಗ ಒಳಗೊಳಗೆ ಒಂದು ನೆಪವಿತ್ತು: ನಾನಲ್ಲ, ದೇವರು ಹಿಡಿದಿದ್ದಾನೆ. ಈಗ ಅದೂ ಹೋಯಿತು. ನಾಳೆ ಬೇಡ ಅನ್ನಬೇಕಾದರೆ ತನಗೇ ಬೇಡ ಅನ್ನಬೇಕು. ಸ್ಲ್ಯಾಬಿನ ಮನೆಗಿಂತ ಹಿಂದಿನ ಪಡಸಾಲೆಯ ಎರಡು ತಾಸು ನನಗೆ ಹೆಚ್ಚು ಎನ್ನಬೇಕು. ನನಗೆ ಏನು ಬೇಕು ಎಂದು ಅವಳು ಹುಟ್ಟಿದಾರಭ್ಯ ಯಾರ ಮುಂದೆಯೂ ಅಂದವಳಲ್ಲ. ಸೀರೆಯ ಅಂಗಡಿಯಲ್ಲೂ "ನಿಮಗ ಚಲೋ ಅನ್ನಿಸಿದ್ದು" ಅಂದವಳು.

ರವಿವಾರ ಒಂಬತ್ತೂವರೆಗೆ ಜೀಪು ಹೊರಟಿತು. ತೊರವಿ ದಾಟಿದ ಮೇಲೆ ಎರಡೂ ಬದಿ ದ್ರಾಕ್ಷಿ ತೋಟ. ಅವಳು ಕರಾರಿನ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಂಗೈ ಬೆವರಿಗೆ ಕಾಗದದ ಅಂಚು ಮೆತ್ತಗಾಗಿತ್ತು. ಈಗ ಹೇಳಲೇ, ಈಗ ಹೇಳಲೇ ಎಂದುಕೊಂಡು ಒಂದೊಂದೇ ತಿರುವು ಕಳೆದುಕೊಂಡಳು. ದಶರಥ ಹಾಡು ಗುನುಗುತ್ತಿದ್ದ. ಅವನ ಖುಷಿ ನೋಡಿ ಅವಳಿಗೆ ಅಳು ಬಂತು. ಇಂಥ ಖುಷಿಯನ್ನು ಮುರಿಯುವವಳು ತಾನೇ ಆಗಬೇಕಲ್ಲ.

ಕೇಂದ್ರದ ಮುಂದೆ ಮಾವಿನ ತೋರಣ ಕಟ್ಟಿದ್ದರು. ಯಂತ್ರಕ್ಕೆ ಚೆಂಡುಹೂವಿನ ಮಾಲೆ. ಸಿದ್ದಲಿಂಗೇಶ ಬಿಳಿ ಅಂಗಿ ಹಾಕಿ ಬಾಗಿಲಿಗೇ ಬಂದ. "ಬರ್ರಿ ಬರ್ರಿ ಮಾಲಕರಽ, ಬಲಗಾಲ ಇಟ್ಟು ಬರ್ರಿ!"

ಗೋಡೆಯ ಗುಂಟ ಆರು ಮಂದಿ ಹೆಂಗಸರು ನಿಂತಿದ್ದರು, ಕೆಲಸಕ್ಕೆ ಹೊಸದಾಗಿ ಗೊತ್ತಾದವರು. ಅವರಲ್ಲಿ ಒಬ್ಬಳು ಪರಸವ್ವನ ಹತ್ತಿರ ಸರಿದು ಬಂದಳು. "ಯಕ್ಕಾರ, ನಾ ಗೌರಾಬಾಯಿ, ಘೋಣಸಗಿಯಾಕಿ. ಒಂದು ಮಾತ ಕೇಳ್ಲ್ಯಾ? ನೀವು ಹೆಣ್ಮಕ್ಕಳಂತ ಕೇಳಾಕತ್ತೀನ್ರಿ. ಮಾಲಕರನ್ನ ಕೇಳಾಕ ಅಂಜಿಕಿ. ವಾರದಾಗ ಒಂದಿನಾ ಸೂಟಿ ಇರ್ತೈತೇನ್ರಿ?"

"ಯಾಕವಾ, ಏನ ಕೆಲಸ?"

"ಕೆಲಸಾ ಏನಿಲ್ರಿ. ಅದಕಽ ಬೇಕು." ಗೌರಾಬಾಯಿ ನಾಚಿ ನಕ್ಕಳು. "ತಲೀಗೆ ನೀರ ಹಾಕ್ಕೊಂಡು, ಗುಡಿ ಕಟ್ಟಿಮ್ಯಾಲ ಒಂದು ತಾಸು ಸುಮ್ನ ಕುಂದ್ರೂದು. ಯಾರೂ ಏನೂ ಬೇಡಬಾರ್ದು ನೋಡ್ರಿ ಆ ಹೊತ್ನ್ಯಾಗ. ಹೊಲದ ಕೆಲಸದಾಗ ಅಮಾಸಿಗೆ ಅದೊಂದು ಸಿಗತಿತ್ತು."

ಉಳಿದ ಐವರೂ ಪರಸವ್ವನ ಬಾಯಿಯನ್ನೇ ನೋಡುತ್ತಿದ್ದರು. ಇಲ್ಲ ಅನ್ನಬೇಕಾದವಳು ತಾನೇ ಎಂದು ಅವಳಿಗೆ ಆಗ ತಿಳಿಯಿತು. ಸಹಿ ಹಾಕಿದ ಮರುಗಳಿಗೆಯಿಂದ ಇಲ್ಲಿ ಈ ಹೆಂಗಸರಿಗೆ ದಿನವಿಡೀ, ವಾರವಿಡೀ ಇಲ್ಲ ಅನ್ನುವ ಕೆಲಸಕ್ಕೇ ಅವಳನ್ನು ಮಾಲಕಿ ಮಾಡಿದ್ದರು. ಓಡಾಟ ಅವನದು. ಇಲ್ಲ ಅನ್ನುವ ಬಾಯಿ ಇವಳದು.

"ಹತ್ತೂವರಿ ಆತು" ಎಂದು ಯಾರೋ ಕೂಗಿದರು. ಮೇಜು, ಪೆನ್ನು, ನಾಲ್ಕನೇ ಹಾಳೆ. ಸಿದ್ದಲಿಂಗೇಶ ಬೆರಳಿಟ್ಟು ತೋರಿಸಿದ. "ಇಲ್ಲಿ ಹಾಕ್ರಿ."

ಪರಸವ್ವ ಎರಡನೇ ಹಾಳೆಯನ್ನು ಮೇಲಕ್ಕೆ ತೆಗೆದಿಟ್ಟಳು. "ರವಿವಾರ ಬಂದ್ ಇಡ್ರಿ" ಅಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಬಂದ್ ಇಟ್ರ ಸಹಿ ಮಾಡ್ತೀನಿ."

"ಏನಂದ್ರಿ?"

"ಎರಡನೇ ಹಾಳ್ಯಾಗ ಏಳು ದಿನಾ ಅಂತ ಬರದೈತ್ರಿ. ಆರು ಅಂತ ಮಾಡ್ರಿ."

ಸಿದ್ದಲಿಂಗೇಶ ಮೊದಲು ನಕ್ಕ. "ರವಿವಾರ ಗೋಳಗುಮ್ಮಟ ನೋಡಾಕ ಬಂದ ಮಂದಿನ್ನ ಉಪಾಸ ಕಳಸೂಣೇನ್ರಿ ಅಕ್ಕಾರ? ವಾರದ ಧಂದೆನಽ ಅವತ್ತು ಇರ್ತೈತಿ." ಅವಳು ಪೆನ್ನು ಮುಟ್ಟಲಿಲ್ಲ. ಅವನ ನಗು ಹೋಯಿತು. "ದಶರಥಣ್ಣ, ಮನ್ಯಾಗ ಮಾತಾಡಿ ಕರ್ಕೊಂಡು ಬರೂದಿಲ್ಲೇನು? ನೋಡ್ರಿ, ನಾ ಬ್ಯಾರೆ ಹೆಣ್ಮಗಳ್ನ ಹುಡುಕ್ತೀನಿ, ಅದೇನ ದೊಡ್ಡ ಮಾತಲ್ಲ. ಆದ್ರ ಯಂತ್ರದ ರೊಟ್ಟಿ ಬಂದ ಮ್ಯಾಲ ನಿಮ್ಮ ಮನಿ ರೊಟ್ಟಿ ನನಗ ಬೇಕಾಗಂಗಿಲ್ಲ."

ದಶರಥ ಅವಳ ಕಿವಿಯ ಹತ್ತಿರ ಬಗ್ಗಿದ. "ಹುಚ್ಚೀನೇನ? ಹಾಕು ಮಾರಾಯ್ತಿ. ಆಮ್ಯಾಲ ನೋಡೂಣು."

ಆಮೇಲೆ ನೋಡೋಣ ಎಂದು ಬಿಟ್ಟದ್ದು ಆಮೇಲೆ ಯಾವತ್ತೂ ಬರುವುದಿಲ್ಲವೆಂದು ಇಪ್ಪತ್ತೆರಡು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು. ಅವಳು ಹಾಳೆಗಳನ್ನು ಸರಿಯಾಗಿ ಜೋಡಿಸಿ ಮೇಜಿನ ಮೇಲಿಟ್ಟಳು. "ಬ್ಯಾಡ್ರಿ ನನಗ" ಅಂದಳು. ತಿರುಗಿ ನಡೆದಳು. ಗೌರಾಬಾಯಿಯ ಮುಖ ನೋಡುವ ಧೈರ್ಯ ಆಗಲಿಲ್ಲ.

ಬಸ್ ನಿಲ್ದಾಣದವರೆಗೆ ಹೇಗೆ ನಡೆದಳೋ ತಿಳಿಯದು. ಟಿಕೋಟಾದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಕೈಯಲ್ಲಿ ಚೀಲ ಕೂಡ ಇರಲಿಲ್ಲ, ಜೀಪಿನಲ್ಲೇ ಬಿಟ್ಟು ಬಂದಿದ್ದಳು. ನಾಳೆ ಏನು? ಇವತ್ತು ಸಂಜೆ ಏನು? ಹೊಡೆಯದ ಗಂಡ ಇವತ್ತು ಹೊಡೆದರೆ? ಹೊಡೆಯದೆ, ತಿಂಗಳುಗಟ್ಟಲೆ ಮಾತೇ ಬಿಟ್ಟರೆ? ದೇವರೇ, ದೇವರೇ ಎಂದಳು. ಮುಂದಿನ ಮಾತು ಬರಲಿಲ್ಲ. ಹರಕೆ ಹೊರಲು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿದಳು. ಸುಮ್ಮನೆ, ಏನನ್ನೂ ಕೊಡುತ್ತೇನೆನ್ನದೆ, ಜೊತೆಗಿರು ಅಂದಳು.

ಜೀಪು ಬಂದು ನಿಂತಿತು. ದಶರಥ ಕೆಳಗಿಳಿಯಲಿಲ್ಲ, ಬಾಗಿಲು ತಳ್ಳಿದ. ಅವಳು ಹತ್ತಿದಳು. ತೊರವಿಯವರೆಗೆ ಅವನು ಜೋರಾಗಿ ಜೀಪು ಓಡಿಸಿದ. ಗೇರ್ ಬದಲಿಸುವ ಸದ್ದಿಗೆಲ್ಲ ಅವಳು ಬೆಚ್ಚಿದಳು.

"ಯಾಕಂತರ ಹೇಳು" ಅಂದ ಕೊನೆಗೆ. "ಮಂದಿ ಮುಂದ ನನ್ನ ಮಾನಾ ಉಳಸಲಿಲ್ಲ ನೀ. ಯಾಕ?"

ಹರಕೆಯ ಕತೆ ಹೇಳಿದರೆ ಅವನು ಮೆತ್ತಗಾಗುತ್ತಿದ್ದ. ಮಗಳ ಜೀವ ಅಂದರೆ ಯಾವ ಅಪ್ಪ ಮೆತ್ತಗಾಗುವುದಿಲ್ಲ? ಅವಳು ಅದನ್ನು ಹೇಳಲಿಲ್ಲ. "ರವಿವಾರದ ಆ ಹೊತ್ತು ನನಗ ಬೇಕು" ಅಂದಳು. "ಮನಿ ಬ್ಯಾಡಂತಲ್ಲ. ಅದರಕಿಂತ ಇದು ಬೇಕು."

ಅವನು ಅವಳನ್ನು ಯಾರೋ ಹೊಸ ಪ್ಯಾಸೆಂಜರನ್ನು ನೋಡಿದ ಹಾಗೆ ಒಮ್ಮೆ ನೋಡಿ ರಸ್ತೆಯ ಕಡೆ ತಿರುಗಿದ. ಪ್ರಾರ್ಥನೆ ಮನೆಯ ಓಣಿ ಬಂದಾಗ ಕೇಳದೆಯೇ ಜೀಪು ನಿಲ್ಲಿಸಿದ. ಇಳಿದವಳು, "ಊಟಕ್ಕ ಬರ್ತೀ?" ಅಂದಳು. "ನೋಡ್ತೀನಿ" ಅಂದ, ಹೋದ.

ಮುಂದಿನ ಖೋಲಿಯಲ್ಲಿ ಪ್ರಸಂಗ ಮುಗಿಯುತ್ತ ಬಂದಿತ್ತು. ಅವಳು ಹಿಂದಿನ ಪಡಸಾಲೆಗೆ ಹೋದಳು. ಏಳೆಂಟು ಹೆಂಗಸರು ಹೊಗೆಯಲ್ಲಿದ್ದರು. ಒಬ್ಬಳು ಕೊತ್ತಂಬರಿ ಸೋಸುತ್ತಿದ್ದಳು, ಒಬ್ಬಳು ಅನ್ನ ಬಸಿಯಲು ಬಟ್ಟೆ ಹುಡುಕುತ್ತಿದ್ದಳು.

"ಬಂದ್ಯಾ ಮಾಲಕಿ? ಪೇಢೆ ಎಲ್ಲಿ?"

"ಆಗಲಿಲ್ಲ" ಅಂದಳು ಪರಸವ್ವ. "ಅನ್ನ ಇಳಸ್ರಿ. ಒಲಿ ಆರಸ್ರಿ. ಕುಂದ್ರಿ ಎಲ್ಲಾರೂ."

"ಸಾರು ಇನ್ನಾ ಕುದ್ದಿಲ್ಲಬೇ. ಗಂಡಸ್ರು ಈಗ ಏಳ್ತಾರ."

"ಏಳ್ಲಿ. ಇವತ್ತ ಯಾರೂ ನಿಂತು ಕೇಳೂದು ಬ್ಯಾಡ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅನ್ನದ ಪಾತ್ರೆ ಇಳಿಯಿತು. ಯಾರೋ ಉರಿಯುವ ಕಟ್ಟಿಗೆ ಹಿರಿದು ನೀರಿಗೆ ಅದ್ದಿದರು. ಹಿಂಜರಿಯುತ್ತ, ಬಾಗಿಲ ಕಡೆ ಕಣ್ಣಿಟ್ಟುಕೊಂಡೇ, ಒಬ್ಬೊಬ್ಬರಾಗಿ ಕೂತರು. ಅಷ್ಟರಲ್ಲಿ ಪಾಸ್ಟರ್ ರಾಜಾರಾಮ ಬಾಗಿಲಿಗೆ ಬಂದು ನಿಂತರು, ಅವರ ಬೆನ್ನ ಹಿಂದೆ ನಾಲ್ಕಾರು ಗಂಡಸರು.

"ಊಟ ಆಗಿಲ್ಲೇನ್ರಿ? ಅಕ್ಕಾರ, ನೀವು ಟಿಕೋಟಾದಾಗ ಇರಬೇಕಲ್ರಿ?"

ಪರಸವ್ವ ಕೂತಲ್ಲಿಂದ ಏಳಲಿಲ್ಲ. ಈ ಮನೆಯಿಂದಲೂ ಹೊರಗೆ ಹೋಗು ಅಂದರೆ ಅವಳಿಗೆ ಇನ್ನು ಹೋಗಲು ಜಾಗವಿರಲಿಲ್ಲ. "ತಡಾ ಆಗ್ತೈತ್ರಿ ಪಾಸ್ಟರ್" ಅಂದಳು. "ಒಂದು ತಾಸು. ನೀವೂ ಬೇಕಾದ್ರ ಬಂದು ಕುಂದರ್ರಿ."

ಅವರು ಬರಲಿಲ್ಲ, ಹೋಗಲೂ ಇಲ್ಲ. ಅವಳು ಚೀಲದಿಂದ ದೇವರ ವಾಕ್ಯದ ಪುಸ್ತಕ ತೆಗೆದು ಪುಟ ತೆರೆದಳು. ಮೊದಲ ಸಾಲಿನಲ್ಲಿ ಎರಡು ಸಲ ತಡವರಿಸಿದಳು. ಸೌಟು ಕೆಳಗಿಟ್ಟ ಹೆಂಗಸು, "ಸಾವಕಾಶ ಓದಬೇ" ಅಂದಳು. ಪರಸವ್ವ ಮೊದಲಿನಿಂದ ಶುರು ಮಾಡಿದಳು.